ಕತ್ತಲೆ ದುರ್ಬೀನು

ತಮ್ಮನ ಹೊಲದಲ್ಲಿ ಮಲಗಿ ನನ್ನ ಹೊಲದಲ್ಲಿ ಉಣ್ಣುತ್ತಿದ್ದ ಒಂದು ನರಿಯನ್ನು ಕೊಲ್ಲುವುದಕ್ಕೆ ನಾನು ಒಂದೇ ಬೇಸಿಗೆಯಲ್ಲಿ ಮೂರು ದೀಪ ಬದಲಾಯಿಸಿದೆ. ನರಿ ಸಾಯಲಿಲ್ಲ. ಸತ್ತದ್ದು ಕುರಿಯವಳೊಬ್ಬಳ ನಾಯಿ. ಅದನ್ನು ಕೊಂದವನು ನಾನು ಎಂದು ಬಾಯಿಬಿಡುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು. ಆ ಎರಡು ವರ್ಷ ಊರು ನಾಯಿ ಕೊಂದವನು ಎಂದು ಕರೆದದ್ದು ನನ್ನ ತಮ್ಮನನ್ನು. ಹಾಗೆ ಕರೆಯುವಂತೆ ಮಾಡಿದವನೂ ನಾನೇ.

ನಮ್ಮದು ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಒಳಗೆ ಸರಿದ ಊರು. ಕೆಂಪು ಮಣ್ಣು, ಕಡಲೆಕಾಯಿ ಹೊಲ, ಹೊಲದ ನಡುವೆ ಆನೆ ಮಲಗಿದಂಥ ಬಂಡೆಗಳು. ಅಪ್ಪನ ಜಮೀನು ನನಗೂ ತಮ್ಮನಿಗೂ ಪಾಲಾದಾಗ ನಡುವೆ ಒಂದು ಬದು ಎದ್ದಿತು. ಮಾತು ನಿಂತದ್ದೂ ಅಂದೇ. ಮೂಡಲ ಪಾಲು ಅವನದು, ಪಡುವಲ ಪಾಲು ನನ್ನದು. ಅವನ ಪಾಲಿನಲ್ಲಿ ಒಂದು ಹಳೆಯ ಹುತ್ತದ ದಿಬ್ಬವಿದೆ. ಆ ದಿಬ್ಬದ ಬುಡದಲ್ಲಿ ಗುದ್ದು ತೋಡಿಕೊಂಡು ನರಿಯೊಂದು ಇತ್ತು. ಗುಂಪು ಕಟ್ಟಿಕೊಂಡು ಊಳಿಡುವ ದೊಡ್ಡ ನರಿಯಲ್ಲ. ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಬೂದು ಮೈ, ಬಾಲದ ತುದಿ ಮಸಿಯಲ್ಲಿ ಅದ್ದಿದಂತೆ ಕಪ್ಪು.

ಬೆಳಿಗ್ಗೆ ಎದ್ದು ನರಿಯ ಮುಖ ನೋಡಿದರೆ ಅದೃಷ್ಟ ಎಂಬ ಮಾತು ನಮ್ಮಲ್ಲಿದೆ. ನಾನು ಕೊಳವೆಬಾವಿ ಕೊರೆಸಿದಾಗ ಬಂದದ್ದು ಬರೀ ಬಿಳಿ ಧೂಳು. ಮರುವರ್ಷ ಬದುವಿನ ಆಚೆ ಅವನು ಕೊರೆಸಿದ, ಆಳುದ್ದ ನೀರು ಚಿಮ್ಮಿತು. ಹೋಟೆಲಿನ ಮುಂದೆ ಕೂತವರು ನನಗೆ ಕೇಳಿಸುವಂತೆ ನಕ್ಕರು.

"ದಿನಾ ನರಿ ಮುಖ ನೋಡ್ಕಂಡು ಏಳ್ತಾನಲ್ಲಪ್ಪ, ನೀರು ಬರ್ದೆ ಇನ್ನೇನು ಬತ್ತದೆ?"

"ಅಣ್ಣ ಯಾರ ಮುಖ ನೋಡ್ಕಂಡು ಏಳ್ತಾನೋ!"

"ಇನ್ಯಾರ್ದು, ಕನ್ನಡೀಲಿ ಅವುನ್ದೇಯ."

ಅವರು ಆ ಮಾತನ್ನು ಟೀ ಲೋಟದ ಜೊತೆಯಲ್ಲೇ ಮರೆತಿರಬೇಕು. ನಾನು ಮರೆಯಲಿಲ್ಲ. ನರಿ ನನ್ನ ಎರಡು ಕೋಳಿ ಒಯ್ದದ್ದು, ಕಲ್ಲಂಗಡಿ ಕಚ್ಚಿದ್ದು ನಿಜ. ಆದರೆ ಕಾಡುಹಂದಿ ಮಾಡಿದ ಹಾಳಿನ ಮುಂದೆ ಅದು ಏನೇನೂ ಅಲ್ಲ. ಹಂದಿಯ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ, ಯಾಕೆಂದರೆ ಹಂದಿ ಅವನ ಹೊಲದಿಂದ ಬರುತ್ತಿರಲಿಲ್ಲ. ನನಗೆ ಕೊಲ್ಲಬೇಕಾಗಿದ್ದದ್ದು ಅವನ ಅದೃಷ್ಟವನ್ನು.

ಬೆಳೆ ಕಾಯುವುದಕ್ಕೆಂದು ಅಪ್ಪನ ಕಾಲದಲ್ಲಿ ಪಡೆದ ಲೈಸೆನ್ಸಿನ ಬಂದೂಕು ನನ್ನ ಹೆಸರಿಗೆ ಆಗಿತ್ತು. ನರಿಯನ್ನು ಹೊಡೆಯುವುದು ಕಾನೂನಿನಲ್ಲಿ ತಪ್ಪು ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಎಸ್ಸೆಸ್ಸೆಲ್ಸಿ ಓದಿದವನು, ಪೇಪರು ಓದುವವನು. ಅಪ್ಪ ನಮ್ಮಿಬ್ಬರನ್ನೂ ಚಿಕ್ಕವರಿದ್ದಾಗ ರಾತ್ರಿ ಹೊಲಕ್ಕೆ ಕರೆದೊಯ್ಯುತ್ತಿದ್ದ. ಅವನದು ಒಂದೇ ಪಾಠ. "ಬ್ಯಾಟರಿ ಬುಟ್ಟಾಗ ಕಣ್ಣು ಹೊಳೀತವೆ. ಎಲ್ಲಾ ಕಣ್ಣೂ ಹೊಳೀತವೆ. ನಾಯಿ ಆದ್ರೆ ಬೆಳಕಿನ ಕಡೀಕೇ ನೋಡ್ಕಂಡು ನಿಲ್ತದೆ, ಇಲ್ಲಾ ಬೊಗಳ್ತದೆ. ಕುರಿ ಸುಮ್ನೆ ಮಿಕಮಿಕ ನೋಡ್ತದೆ. ನರಿ ಒಂದ್ಸಲ ನೋಡಿ ಮಕ ತಿರುಗಿಸ್ತದೆ. ತಿರುಗಿಸೋಗಂಟ ಕುದುರೆ ಮ್ಯಾಲೆ ಬೆರಳು ಇಕ್ಬ್ಯಾಡ್ರಿ." ಟಾರ್ಚನ್ನು ನಮ್ಮ ಕಡೆ ಬ್ಯಾಟರಿ ಎಂದೇ ಅನ್ನುವುದು. ಅಪ್ಪ ಹೇಳಿದ ಕುದುರೆ ಎಂದರೆ ಬಂದೂಕಿನ ಎಳೆಯುವ ಕೊಕ್ಕೆ. ಈ ಪಾಠ ತಮ್ಮನಿಗೂ ಬಾಯಿಪಾಠವಾಗಿತ್ತು.

ಮೊದಲನೆಯ ದೀಪ ಅಪ್ಪನ ಐದು ಸೆಲ್ಲಿನ ಬ್ಯಾಟರಿಯೇ. ಸೆಲ್ಲು ಒಸರಿ ಒಳಗಿನ ಸ್ಪ್ರಿಂಗು ಹಸಿರುಗಟ್ಟಿತ್ತು. ತೆಂಗಿನ ನಾರಿನಿಂದ ಉಜ್ಜಿ, ಹೊಸ ಸೆಲ್ಲು ಹಾಕಿದರೂ ಬೆಳಕು ಮೂವತ್ತು ಹೆಜ್ಜೆ ದಾಟುವ ಹೊತ್ತಿಗೆ ಅರಿಸಿನದ ನೀರಿನಂತೆ ತೆಳುವಾಗುತ್ತಿತ್ತು. ನನ್ನ ಕಣ್ಣಿಗೂ ಪೊರೆ ಬರತೊಡಗಿತ್ತು. ಮೂರು ರಾತ್ರಿ ಕೂತೆ. ಮೂರು ರಾತ್ರಿಯೂ ದಿಬ್ಬದ ಹತ್ತಿರ ಎರಡು ಕಿಡಿ ಹೊಳೆದು ಆರಿಹೋದವು.

ಒಂದು ಬೆಳಿಗ್ಗೆ ಬಸ್ಸು ಹತ್ತಿ ಶಿರಾಕ್ಕೆ ಹೋದೆ. ಮೋಟಾರು, ಪಂಪು, ದೀಪ ಎಲ್ಲ ಮಾರುವ ಒಂದು ಸಣ್ಣ ಅಂಗಡಿಯಲ್ಲಿ ಗಡ್ಡಕ್ಕೆ ಮೆಹಂದಿ ಹಚ್ಚಿದ ಒಬ್ಬ ಮುದುಕ ಕೂತಿದ್ದ. ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವನಿರಬಹುದು, ಆದರೂ ನನ್ನನ್ನು ಚಾಚಾ ಎಂದ. ಹಣೆಗೆ ಕಟ್ಟುವ ಲೈಟುಗಳನ್ನು ಒಂದೊಂದಾಗಿ ಹೊತ್ತಿಸಿ ಎದುರಿನ ಗೋಡೆಗೆ ಬಿಟ್ಟು ತೋರಿಸಿದ.

"ಇದು ಸಣ್ಣಗೆ ಬೀಳ್ತದಾ? ಚದುರಬಾರ್ದು" ಎಂದೆ.

ಅವನು ಲೈಟು ಆರಿಸಿ ನನ್ನ ಮುಖ ನೋಡಿದ. "ಏನ್ ಹೊಡೀತೀರಾ ಚಾಚಾ?"

"ಹೊಡೆಯೋದು ಗಿಡೆಯೋದು ಏನಿಲ್ಲ. ಹೊಲ ಕಾಯೋಕೆ."

"ಹೊಲ ಕಾಯೋರು ಎಷ್ಟು ಅಗಲ ಬೀಳ್ತದೆ ಅಂತ ಕೇಳ್ತಾರೆ. ನೀವು ಎಷ್ಟು ಸಣ್ಣಗೆ ಅಂತ ಕೇಳ್ತಿದ್ದೀರಾ. ನನಗೆ ಗೊತ್ತಾಗಲ್ವಾ? ತಗೊಳ್ಳಿ. ಬ್ಯಾಟರಿಗೆ ಆರು ತಿಂಗಳು ಗ್ಯಾರಂಟಿ. ಜಂಗಲ್‌ನೋರು ಹಿಡಿದ್ರೆ ನಿಮಗೆ ಗ್ಯಾರಂಟಿ ಇಲ್ಲ."

ಬಿಳಿ ಬೆಳಕು ಕಂಡರೆ ನರಿ ನಿಲ್ಲುವುದಿಲ್ಲ ಎಂದಾಗ ಅವನೇ ಗಾಜಿನ ಮೇಲೆ ಅಂಟಿಸುವುದಕ್ಕೆ ಒಂದು ಕೆಂಪು ಬಣ್ಣದ ಹಾಳೆ ಕತ್ತರಿಸಿ ಕೊಟ್ಟ. ಕೆಂಪು ಬೆಳಕಿಗೆ ಅವು ಅಷ್ಟು ಬೆದರುವುದಿಲ್ಲವಂತೆ. ಕತ್ತಲಿನಲ್ಲೇ ಕಾಣುವ ಯಂತ್ರವೊಂದು ಬಂದಿದೆಯಂತಲ್ಲ ಎಂದು ಕೇಳಿದೆ.

"ಬಂದದೆ. ನಮ್ಮಲ್ಲಿ ಇಲ್ಲ. ಇದ್ರೂ ನಿಮಗೆ ಕೊಡಲ್ಲ. ಲೈಟು ಬಿಟ್ರೆ ಅತ್ಲಾಗಿರೋನಿಗೂ ಗೊತ್ತಾಗ್ತದೆ, ಯಾರೋ ನೋಡ್ತಾವ್ರೆ ಅಂತ. ಓಡೋದಾದ್ರೆ ಓಡ್ತಾನೆ, ಕೂಗೋದಾದ್ರೆ ಕೂಗ್ತಾನೆ. ಅದು ಇನ್ಸಾಫ್. ಆ ಯಂತ್ರದಲ್ಲಿ ಏನೈತೆ? ಕಳ್ಳ ನೋಟ."

ಮಾರಾಟಗಾರ ನನಗೆ ನ್ಯಾಯ ಹೇಳುತ್ತಾನೆ ಎಂದು ಕೋಪ ಬಂತು. ಕೆಂಪು ಹಾಳೆಯ ಲೈಟನ್ನು ಕೊಂಡು ತಂದೆ. ಅದು ಎರಡನೆಯ ದೀಪ. ಆ ಬೆಳಕಿನಲ್ಲಿ ಒಂದು ರಾತ್ರಿ ನರಿ ಕಂಡಿತು. ದಿಬ್ಬದ ಮೇಲೆ ಕೂತು ನನ್ನ ಕಡೆ ನೋಡಿ, ನಿಧಾನವಾಗಿ ಮುಖ ತಿರುಗಿಸಿತು. ಅಪ್ಪನ ಮಾತಿನಂತೆ ಆಗ ಹೊಡೆಯಬಹುದಿತ್ತು. ಆದರೆ ಕೆಂಪು ಬೆಳಕಿನಲ್ಲಿ ಬಂದೂಕಿನ ತುದಿಯ ಗುರಿ ನನ್ನ ಪೊರೆಗಣ್ಣಿಗೆ ಕಾಣಲಿಲ್ಲ. ಗುಂಡು ಬಂಡೆಗೆ ಬಡಿಯಿತು. ಬೆಳಿಗ್ಗೆ ತಮ್ಮ ಬದುವಿನ ಮೇಲೆ ನಿಂತು, ನನಗಲ್ಲ, ತನ್ನ ಎತ್ತಿಗೆ ಹೇಳುವವನಂತೆ ಹೇಳಿದ: "ಕಣ್ಣು ಕಾಣ್ದೋರು ಮನೇಲಿ ಬಿದ್ದಿರ್ಬೇಕು ಕಣೋ ಬಸವ. ಯಾವತ್ತೋ ಯಾರಿಗಾನ ಹೊಡೆದು ಸಾಯಿಸ್ತಾರೆ."

ಅದೇ ವಾರ ನಾನು ರಾಯಚರ್ಲು ಕಡೆಗೆ ಹೋದೆ. ಅಲ್ಲಿ ಸೋಲಾರ್ ಹಲಗೆಗಳ ಬಯಲಿನಲ್ಲಿ ನನ್ನ ಹೆಂಡತಿಯ ಕಡೆಯ ನೆಂಟನೊಬ್ಬ, ತೆಲುಗು ಬೆರೆಸಿ ಮಾತಾಡುವವನು, ರಾತ್ರಿ ಕಾವಲುಗಾರ. ಯಾವನೋ ಗುತ್ತಿಗೆದಾರ ಬಿಟ್ಟುಹೋದ ಯಂತ್ರವೊಂದು ಅವನ ಹತ್ತಿರವಿದೆ ಎಂದು ಕೇಳಿದ್ದೆ. ಅಂಗೈಯಷ್ಟು ಉದ್ದದ ಕರಿಯ ಕೊಳವೆ, ಒಂದು ಕಣ್ಣಿಗೆ ಇಟ್ಟು ನೋಡುವುದು. ಕತ್ತಲಾಗುವವರೆಗೂ ನನ್ನನ್ನು ಕೂಡಿಸಿಕೊಂಡಿದ್ದು, ಆಮೇಲೆ ಕೈಗೆ ಕೊಟ್ಟ.

"ಚೂಡು ಮಾಮ. ಪಗಲು ಇದ್ದಂಗೆ ಕಾಣ್ತದೆ."

ಹಗಲಿನಂತೆ ಏನೂ ಕಾಣಲಿಲ್ಲ. ಎಲ್ಲ ಬೂದಿಯ ಬಣ್ಣ. ಹಲಗೆಗಳ ಸಾಲು, ಬೇಲಿಯ ಕಂಬ, ಕಂಬದ ಬುಡದಲ್ಲಿ ಸುಣ್ಣದ ಚುಕ್ಕೆಯಂತೆ ಎರಡು ಬಿಳಿ ಕಣ್ಣು. ಆ ಯಂತ್ರವೂ ಬೆಳಕು ಬಿಡುತ್ತದಂತೆ, ಆದರೆ ಆ ಬೆಳಕು ಮನುಷ್ಯನಿಗೂ ಕಾಣದು, ಪ್ರಾಣಿಗೂ ಕಾಣದು.

"ಅದು ನಾಯಿಯೋ ನರಿಯೋ?" ಎಂದೆ.

"ಎವುರಿಕಿ ತೆಲುಸು ಮಾಮ, ಯಾರಿಗ್ಗೊತ್ತು? ಇದ್ರಾಗೆ ಎಲ್ಲಾ ಕಣ್ಣೂ ಒಂದೇ. ಕಾಣ್ತದಾ ಇಲ್ವಾ, ಅಷ್ಟೇ ಕೇಳು."

ಎರಡು ನಾಟಿ ಹುಂಜ ಕೊಟ್ಟು ಅದನ್ನು ತಂದೆ. ಮೂರನೆಯ ದೀಪ ಅದು. ದೀಪ ಎನ್ನಬಾರದು. ಮನೆಯಲ್ಲಿ ನಾವು ಕತ್ತಲೆ ದುರ್ಬೀನು ಎಂದೆವು.

ಮೊದಲ ರಾತ್ರಿ ಅದರಲ್ಲಿ ನಾನು ನೋಡಿದ್ದು ನರಿಯನ್ನಲ್ಲ, ತಮ್ಮನನ್ನು. ಊಟ ಮುಗಿಸಿ, ಒಂದು ಎಲೆಯಲ್ಲಿ ಮುದ್ದೆಯ ಚೂರು ಹಿಡಿದು ಬಂದು, ದಿಬ್ಬದ ಹತ್ತಿರ ಇಟ್ಟು, ಸೊಂಟ ಹಿಡಿದುಕೊಂಡು ನೆಟ್ಟಗಾದ. ಅವನಿಗೂ ವಯಸ್ಸಾಗಿತ್ತು. ನನ್ನ ಕಡೆಗೇ ತಿರುಗಿ ಆಕಳಿಸಿದ. ಅವನ ಕಣ್ಣೂ ಬಿಳಿ ಚುಕ್ಕೆಯಾಗಿ ಹೊಳೆಯಿತು. ತನ್ನನ್ನು ನೋಡುತ್ತಿರುವವನು ಅರವತ್ತು ಹೆಜ್ಜೆ ದೂರದಲ್ಲಿದ್ದಾನೆ ಎಂದು ಅವನಿಗೆ ತಿಳಿಯಲಿಲ್ಲ. ನನಗೆ ಅದು ಸುಖವಾಯಿತು. ಇಷ್ಟು ವರ್ಷದ ಹಗೆಯಲ್ಲಿ ಅಂಥ ಸುಖ ಯಾವತ್ತೂ ಆಗಿರಲಿಲ್ಲ. ನರಿಯನ್ನು ಅವನು ಸಾಕುತ್ತಿದ್ದಾನೆ ಎಂಬ ಸಿಟ್ಟು ಆಮೇಲೆ ಬಂತು. ಮುಂದಿನ ನಾಲ್ಕು ರಾತ್ರಿಯೂ ಅವನನ್ನೇ ನೋಡಿದೆ.

ಇನ್ನು ಬಂದೂಕಿನ ವಿಷಯ. ಇದನ್ನು ಮೊದಲೇ ಹೇಳಬೇಕಿತ್ತು, ಕೈ ಬರಲಿಲ್ಲ.

ನಮ್ಮ ಅಜ್ಜನದೊಂದು ಹಳೆಯ ನಾಡಬಂದೂಕು ಇತ್ತು. ಲೈಸೆನ್ಸು ಇಲ್ಲದ್ದು, ಮದ್ದು ಗಿಡಿದು ಹೊಡೆಯುವಂಥದು. ಪಾಲಾದ ದಿನ ಪಂಚರು ಪಾತ್ರೆ ಪಡಗ, ಎತ್ತು, ನೊಗ ಎಲ್ಲ ಹಂಚಿದ ಮೇಲೆ ಆ ಬಂದೂಕು ಕಾಣಲಿಲ್ಲ. ನಾನು ತಮ್ಮನೇ ಎತ್ತಿಟ್ಟಿದ್ದಾನೆ ಎಂದೆ. ಅವನು ನಾನು ಎಂದ. ದೀಪ ಮುಟ್ಟಿ ಆಣೆ ಮಾಡಿ ಎಂದರು. ಅವನು ದೇವರ ಮನೆಯ ದೀಪದ ಕಂಬ ಮುಟ್ಟಿ ತನ್ನಲ್ಲಿಲ್ಲ ಎಂದ. ನಾನೂ ಮುಟ್ಟಿ ನನ್ನಲ್ಲಿಲ್ಲ ಎಂದೆ. ಬಂದೂಕು ಅದಕ್ಕೆ ಮೂರು ದಿನ ಮೊದಲೇ ನನ್ನ ಅಟ್ಟದ ಮೇಲೆ, ಹಳೆಯ ಕಂಬಳಿಯಲ್ಲಿ ಸುತ್ತಿ ಮಲಗಿತ್ತು. ಅಜ್ಜ ತಮ್ಮನನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ, ನನ್ನನ್ನು ಯಾವತ್ತೂ ಹೊರಲಿಲ್ಲ. ಅಷ್ಟೇ ಕಾರಣ. ಊರಿನವರು ಹಿರಿಯನ ಮಾತು ಎಂದು ನನ್ನನ್ನೇ ನಂಬಿದರು. ಅಜ್ಜನ ಬಂದೂಕು ತಮ್ಮನ ಮನೆಯಲ್ಲಿದೆ ಎಂಬುದು ಊರಿಗೆ ಸತ್ಯವಾಗಿಹೋಯಿತು.

ಆ ಬೇಸಿಗೆಯಲ್ಲಿ ಚುನಾವಣೆ ಬಂತು. ಚುನಾವಣೆ ಬಂದಾಗ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ನಾನೂ ಒಪ್ಪಿಸಿ ಬಂದೆ. ಆ ರಾತ್ರಿಯೇ ಅಟ್ಟ ಹತ್ತಿ ಅಜ್ಜನದನ್ನು ಇಳಿಸಿದೆ. ಸೈಕಲ್ ಟ್ಯೂಬಿನ ಪಟ್ಟಿಯಿಂದ ಕತ್ತಲೆ ದುರ್ಬೀನನ್ನು ಅದರ ಮೇಲೆ ಬಿಗಿಯುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಇದು ಇಲ್ಲೇ ಇತ್ತಾ?" ಎಂದಳು. ಅವಳಿಗೂ ನಾನು ಹೇಳಿರಲಿಲ್ಲ.

"ನಿಂಗ್ಯಾಕೆ?"

"ದೀಪ ಮುಟ್ಟಿದ್ರಲ್ಲ."

"ಹೋಗಿ ಮಲಿಕ್ಕಾ."

ಅವಳು ಹೋಗಲಿಲ್ಲ. ನಾನೇ ಹೊರಗೆ ಹೋದೆ.

ಆ ಹೊತ್ತಿಗೆ ತಮ್ಮನ ಹೊಲಕ್ಕೆ ಕುರಿ ಮಂದೆ ಬಂದಿತ್ತು. ಬೇಸಿಗೆಯಲ್ಲಿ ಖಾಲಿ ಹೊಲದಲ್ಲಿ ಕುರಿಗಳನ್ನು ರಾತ್ರಿ ತರುಬಿಸಿದರೆ ಹಿಕ್ಕೆ, ಗಂಜಲ ಬಿದ್ದು ನೆಲಕ್ಕೆ ಗೊಬ್ಬರ. ಅದಕ್ಕೆ ಕುರಿಯವರಿಗೆ ರಾಗಿ ಕೊಡುತ್ತೇವೆ. ಈ ಮಂದೆಯ ಯಜಮಾನಿ ಬುಕ್ಕಾಪಟ್ಟಣದ ಕಡೆಯ ಹೆಂಗಸು. ಗಂಡ ಸತ್ತ ಮೇಲೆ ತಾನೇ ಮಂದೆ ಹೊಡೆದುಕೊಂಡು ತಿರುಗುತ್ತಿದ್ದಳು. ಪ್ರತಿ ವರ್ಷ ತಮ್ಮನ ಹೊಲದಲ್ಲಿ ಐದು ರಾತ್ರಿ. ಎಳೆಯ ಮರಿಗಳನ್ನು ದೊಡ್ಡ ಬಿದಿರು ಬುಟ್ಟಿ ಕವುಚಿ ಅದರೊಳಗೆ ಬಿಡುತ್ತಿದ್ದಳು. ಅವಳ ನಾಯಿ ಕಂದು ಬಣ್ಣದ್ದು, ಸಣಕಲು, ಒಂದು ಕಿವಿ ಹರಿದಿತ್ತು. ಅವಳು ಅದನ್ನು ಮಗ ಎಂದು ಕೂಗುತ್ತಿದ್ದಳು.

ಮಂದೆ ಬಂದ ಮೊದಲ ಸಂಜೆ ನಾನು ಬದುವಿನ ಮೇಲೆ ನಿಂತು, ನರಿ ಇದೆ, ಮರಿ ಜೋಪಾನ ಎಂದೆ. ಒಳ್ಳೆಯವನಾಗಿ ಕಾಣುವುದಕ್ಕೆ ಹೇಳಿದ್ದು.

"ನರಿ ಏನ್ ಮಾಡ್ತದೆ ಯಜಮಾನ್ರೆ?" ಎಂದು ನಕ್ಕಳು. "ನನ್ ಮಗ ಬುಟ್ಟಿಗೆ ಒರಿಕ್ಕಂಡು ಮಲಗ್ತಾನೆ. ಯಾರಾನ ಬ್ಯಾಟರಿ ಬುಟ್ರೆ ಸಾಕು, ಎದ್ದು ನಿಂತ್ಕಂಡು ಯಾರ್ಲಾ ನೀನು ಅಂತ ಕೇಳ್ತಾನೆ."

ಇದನ್ನು ನಾನು ಕೇಳಿದ್ದೆ. ಮರೆತಿದ್ದೆ ಎಂದು ಈಗ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಎರಡನೆಯ ರಾತ್ರಿ ಬದುವಿನ ಮರೆಯಲ್ಲಿ ಕೂತೆ. ಚಂದ್ರನಿರಲಿಲ್ಲ. ದುರ್ಬೀನಿನಲ್ಲಿ ಕುರಿಗಳು ಬೂದಿಯ ರಾಶಿಯಂತೆ ಕಂಡವು. ಬುಟ್ಟಿಯ ಪಕ್ಕ, ನೆಲದ ಮಟ್ಟಕ್ಕೆ, ಎರಡು ಬಿಳಿ ಚುಕ್ಕೆ ತೆರೆದುಕೊಂಡವು. ನರಿ ಬುಟ್ಟಿಗೆ ಮೂತಿ ಇಟ್ಟಿದೆ ಎಂದುಕೊಂಡೆ. ನಾಯಿ ಇರಬಹುದು ಎಂದೂ ಅನ್ನಿಸಿತು. ಅಪ್ಪನ ಪಾಠ ನೆನಪಾಯಿತು. ಮುಖ ತಿರುಗಿಸಲಿ ಎಂದು ಕಾಯ್ದೆ. ಅದು ತಿರುಗಿಸಲೂ ಇಲ್ಲ, ಎದ್ದು ನಿಲ್ಲಲೂ ಇಲ್ಲ, ಬೊಗಳಲೂ ಇಲ್ಲ. ಹೇಗೆ ಬೊಗಳೀತು? ಅದರ ಮೇಲೆ ನಾನು ಬೆಳಕನ್ನೇ ಬಿಟ್ಟಿರಲಿಲ್ಲ. ಬೆಳಕು ಕಂಡರೆ ತಾನೆ ನಾಯಿ ನಾಯಿಯಂತೆ, ನರಿ ನರಿಯಂತೆ ಇರುವುದು? ಹಣೆಯ ಕೆಂಪು ಲೈಟು ಕೊರಳಿಗೆ ಜೋತುಬಿದ್ದಿತ್ತು. ಗುಂಡಿ ಒತ್ತಿದ್ದರೆ ಆಗುತ್ತಿತ್ತು. ಒತ್ತಿದರೆ ನರಿ ಓಡೀತು ಎಂದು ಒತ್ತಲಿಲ್ಲ. ಅದು ಅವನ ಹೊಲ, ಅವನು ಕರೆಸಿದ ಮಂದೆ. ಏನಾದರೂ ಆಗಲಿ ಎಂದು ಹೊಡೆದೆ.

ಕೇಳಿಸಿದ ಕೂಗು ನರಿಯದಲ್ಲ. ಅದರ ಹಿಂದೆಯೇ ಹೆಂಗಸಿನ ಕೂಗು. ನಾನು ಬಗ್ಗಿಕೊಂಡು ಮನೆಗೆ ಓಡಿದೆ. ಬಂದೂಕು ಅಟ್ಟಕ್ಕೆ ಹೋಯಿತು. ಹೆಂಡತಿ ಒಲೆಯ ಮುಂದೆ ಕೂತಿದ್ದಳು.

"ಬಿತ್ತಾ ನರಿ?"

"ಬಿತ್ತು."

"ನರಿ ಅಂಗೆ ಕೂಗಲ್ಲ" ಎಂದಳು. ಮದ್ದಿನ ವಾಸನೆಯಿದ್ದ ಅಂಗಿಯನ್ನು ಎಳೆದುಕೊಂಡು ನೀರಿಗೆ ಹಾಕಿದಳು. ಆ ವಿಷಯ ಮತ್ತೆ ಎತ್ತಲಿಲ್ಲ.

ಬೆಳಿಗ್ಗೆ ಊರೆಲ್ಲ ಆ ಹೊಲದಲ್ಲಿ ನೆರೆದಿತ್ತು. ನಾಯಿ ಬುಟ್ಟಿಯ ಪಕ್ಕದಲ್ಲೇ ಮಲಗಿತ್ತು. ಅವಳು ಅದರ ಮೇಲೆ ತನ್ನ ಕಂಬಳಿ ಹೊದಿಸಿದ್ದಳು. ಎಲ್ಲರೂ ನೋಡಿದ್ದು ನನ್ನನ್ನು. ಊರಿನಲ್ಲಿ ಲೈಸೆನ್ಸಿನ ಬಂದೂಕಿದ್ದವನು ನಾನೊಬ್ಬನೇ. ನಾನು ಜೇಬಿನಿಂದ ಠಾಣೆಯ ರಸೀದಿ ತೆಗೆದು ಒಬ್ಬೊಬ್ಬರ ಕೈಗೂ ಕೊಟ್ಟೆ. "ಓದ್ಕಳ್ರಪ್ಪ. ನಂದು ಠಾಣೇಲೈತೆ. ಅಜ್ಜನ ಬಂದೂಕು ಎಲ್ಲೈತೆ ಅಂತ ಕೇಳ್ಬೇಕಾದೋರನ್ನ ಕೇಳಿ."

ಅಷ್ಟು ಸಾಕಾಯಿತು. ಎಲ್ಲರ ಕತ್ತೂ ತಮ್ಮನ ಕಡೆ ತಿರುಗಿತು. ಪಾಲಾದ ಮೇಲೆ ಮೊದಲ ಸಲ ಅವನು ನನ್ನನ್ನು ಕರೆದ. "ಅಣ್ಣ, ನನ್ ಮಂದೆ ನಾಯೀನ ನಾನ್ಯಾಕಣ್ಣ ಹೊಡೀಲಿ? ನೀನೇ ಹೇಳಣ್ಣ ಇವ್ರಿಗೆ." ನಾನು ಮುಖ ತಿರುಗಿಸಿದೆ.

"ರಾಗಿ ಕೊಡೋಕೆ ಮನ್ಸಿಲ್ದಿದ್ರೆ ಬಾಯಲ್ಲಿ ಹೇಳಿದ್ರೆ ಆಗ್ತಿತ್ತು" ಎಂದಳು ಆ ಹೆಂಗಸು ಅವನಿಗೆ. ಬಗ್ಗಿ ಹಿಡಿ ಮಣ್ಣು ಎತ್ತಿ ಗಾಳಿಗೆ ತೂರಿದಳು. "ಈ ಹೊಲ್ದಾಗೆ ಇನ್ಮ್ಯಾಕೆ ಒಂದು ಹಿಕ್ಕೆ ಬೀಳ್ಬಾರ್ದು. ನಮ್ಮೋರು ಯಾರು ಮಂದೆ ಹಾಕಿದ್ರೂ ಅವ್ರ ಮರಿ ಉಳೀಬಾರ್ದು." ಮೂರು ರಾತ್ರಿ ಬಾಕಿ ಇರುವಾಗಲೇ ಮಂದೆ ಎಬ್ಬಿಸಿದಳು.

ಮಣ್ಣು ತೂರಿದ ಹೊಲಕ್ಕೆ ಯಾವ ಕುರಿಯವನೂ ಬರುವುದಿಲ್ಲ. ಆ ಮಾತು ಬುಕ್ಕಾಪಟ್ಟಣದಿಂದ ಕೊರಟಗೆರೆಯವರೆಗೆ ಮಂದೆಯಿಂದ ಮಂದೆಗೆ ಹೋಯಿತು. ತಮ್ಮ ಹೊಳವನಹಳ್ಳಿಯ ಸಂತೆಯವರೆಗೂ ಹೋಗಿ ಕುರಿಯವರನ್ನು ಕೇಳಿದನಂತೆ. "ನೀನು ಆ ನಾಯಿ ಕೊಂದೋನಲ್ವಾ?" ಎಂದು ಕೇಳಿ ಕಳಿಸಿದರಂತೆ. ಆ ಬೇಸಿಗೆಯೂ ಮರುಬೇಸಿಗೆಯೂ ಅವನ ನೆಲ ಖಾಲಿ ಬಿತ್ತು. ಮಕ್ಕಳು ಅವನನ್ನು ಕಂಡರೆ ಮರೆಯಲ್ಲಿ ನಿಂತು ಬೊಗಳುತ್ತಿದ್ದರು. ಅವನು ಅಟ್ಟಿಸಿಕೊಂಡು ಹೋಗುತ್ತಿದ್ದ, ಬೈಯುತ್ತಿದ್ದ, ಆಮೇಲಾಮೇಲೆ ಬೈಯುವುದನ್ನೂ ಬಿಟ್ಟ. ನಮ್ಮಿಬ್ಬರ ಗಾಡಿ ದಾರಿಗೆ ಜಾಲಿಮುಳ್ಳು ಕಡಿದು ಹಾಕಿದ. ನಾನು ಮುಳ್ಳಿಗೆ ಬೆಂಕಿ ಇಟ್ಟೆ. ಬೆಂಕಿ ಅವನ ನೀರಿನ ಪೈಪನ್ನು ಸುಟ್ಟಿತು. ಅದಕ್ಕೂ ನಾನು ಗಾಳಿಯನ್ನು ದೂರಿದೆ. ದಿಬ್ಬದ ನರಿ ಮಾತ್ರ ಹಾಗೇ ಇತ್ತು. ಅವನು ಮುದ್ದೆ ಇಡುವುದನ್ನು ನಿಲ್ಲಿಸಿದ್ದ.

ಮೂರನೆಯ ಬೇಸಿಗೆ ಆ ಹೆಂಗಸು ಮತ್ತೆ ಬಂದಳು. ತಮ್ಮನ ಹೊಲ ದಾಟಿ, ನೆಟ್ಟಗೆ ನನ್ನ ಅಂಗಳಕ್ಕೆ. ಜೊತೆಯಲ್ಲಿ ನಾಯಿ ಇರಲಿಲ್ಲ. ನನ್ನ ಹೆಂಡತಿ ಕೊಟ್ಟ ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಹೇಳಿದಳು:

"ಈ ಸಲ ನಿಮ್ಮ ಹೊಲ್ದಾಗೆ ಹಾಕ್ತೀನಿ ಯಜಮಾನ್ರೆ. ರಾಗಿ ಎಷ್ಟಾನ ಕೊಡಿ. ಆವತ್ತು ಒಡಹುಟ್ಟಿದೋನು ಅಂತ ನೋಡ್ದೆ ನ್ಯಾಯವಾಗಿ ಮಾತಾಡಿದ್ರಿ. ಅಂಥ ಹೊಲ್ದಾಗೆ ಮರಿ ಬುಟ್ಟು ಮಲಗಿದ್ರೆ ಭಯ ಇಲ್ಲ."

ಹೆಂಡತಿ ಚೊಂಬು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ. ಗೋಡೆಯ ಕಡೆ ನೋಡಿ ಅಂದಳು, "ಹೂಂ ಅನ್ರಿ. ನ್ಯಾಯವಂತ್ರು."

ಇನ್ನೂ ಒಂದು ಸುಳ್ಳು ಹೇಳಬಹುದಿತ್ತು. ಈ ವರ್ಷ ಬೇಡಮ್ಮ, ಹೊಲ ಉಳುಮೆ ಮಾಡಿಸಿದ್ದೇನೆ ಎಂದರೆ ಅವಳು ಹೋಗುತ್ತಿದ್ದಳು. ಅದು ಬಾಯಿಗೂ ಬಂದಿತ್ತು. ಅವಳು ಬಗ್ಗಿ, ಮಡಿಲಲ್ಲಿದ್ದ ಎಳೆಯ ಮರಿಯೊಂದನ್ನು ನನ್ನ ಜಗಲಿಯ ಮೇಲೆ ಬಿಟ್ಟಳು. ಮರಿ ಬಂದು ನನ್ನ ಪಂಚೆಯ ಅಂಚು ಚೀಪತೊಡಗಿತು. "ನಿನ್ನ ನಾಯಿ ಹೊಡೆದೋನು ನಾನು" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿದೆ. ಅಟ್ಟ ಹತ್ತಿ ಬಂದೂಕು ತಂದು ಅವಳ ಮುಂದಿಟ್ಟೆ, ದುರ್ಬೀನು ಇನ್ನೂ ಅದಕ್ಕೆ ಕಟ್ಟಿದ ಹಾಗೇ ಇತ್ತು. ಅವಳು ಮೊದಲು ಮರಿಯನ್ನು ನನ್ನ ಕಾಲ ಬಳಿಯಿಂದ ಎತ್ತಿಕೊಂಡಳು.

"ಬ್ಯಾಟರಿ ಬುಡ್ಲಿಲ್ವಾ?"

"ಇಲ್ಲ."

"ಅದ್ಕೇಯ. ನನ್ ಮಗ ಎದ್ದು ಕೇಳ್ಲಿಲ್ವಲ್ಲ ಯಾಕೆ ಅಂತ ಎರಡು ವರ್ಷದಿಂದ ಅದೇ ಯೋಚ್ನೆ ನಂಗೆ. ನಿದ್ದೆ ಹೋಗ್ಬುಟ್ಟಿದ್ನೇನೋ ಅಂತ ಅವನ್ನೇ ಬೈಕಂತಿದ್ದೆ." ಎದ್ದು ನಿಂತಳು. ನನ್ನ ಅಂಗಳದಲ್ಲಿ ಉಗಿದಳು. "ಥೂ. ಮುದುಕ ಆಗಿದ್ದೀಯ. ಆ ಪಾಪದೋನ ಹೊಲಕ್ಕೆ ನನ್ ಕೈಲಿ ಮಣ್ಣು ತೂರಿಸ್ದಲ್ಲೋ, ನಿನ್ ಬಾಯಿಗೆ ಮಣ್ಣು ಬೀಳ."

ನೀವು ಎಂಬುದು ನೀನು ಆದದ್ದು ಆ ಕ್ಷಣದಲ್ಲಿ. ಇಂದಿಗೂ ಅವಳು ನನಗೆ ನೀವು ಅನ್ನುವುದಿಲ್ಲ.

ಅವಳು ಹಾಕಿದ ಷರತ್ತು ಎರಡು. ಊರಿನ ಮುಂದೆ ನನ್ನ ಬಾಯಿಂದಲೇ ಹೇಳಬೇಕು. ಅರಳಿಕಟ್ಟೆಯಲ್ಲಿ ಹೇಳಿದೆ, ದೀಪ ಮುಟ್ಟಿದ್ದು, ಅಟ್ಟ, ರಸೀದಿ ಎಲ್ಲ. ಮಣ್ಣು ತೂರಿದ್ದನ್ನು ಅವಳು ಅಲ್ಲಿಯೇ ವಾಪಸು ತೆಗೆದುಕೊಂಡಳು. ತಮ್ಮ ಕಟ್ಟೆಯ ಕೆಳಗೆ ನಿಂತು ಕೇಳಿದ. ಮುಗಿದ ಮೇಲೆ ಒಂದು ಹೆಜ್ಜೆ ಮುಂದೆ ಬಂದ.

"ಈವತ್ತು ಹೇಳಿದ್ದು ನಿಜ ಅಂತ ಹೆಂಗೆ ನಂಬೋದು? ಇವನು ದೀಪ ಮುಟ್ಟಿ ಹೇಳಿದ್ದೇ ಸುಳ್ಳು" ಎಂದು ಊರಿನವರನ್ನು ಕೇಳಿದ. ಆಮೇಲೆ ನನ್ನ ಕಡೆ ತಿರುಗಿ, "ತಪ್ಪಾಯ್ತು ಅನ್ಬ್ಯಾಡ. ನಿನ್ ಬಾಯಲ್ಲಿ ಆ ಮಾತು ಬಂದ್ರೆ ಆ ಮಾತೇ ಕೊಳೆತೋಯ್ತದೆ" ಎಂದು ಹೊರಟುಹೋದ. ನಾನು ಅನ್ನಲಿಲ್ಲ.

ಬಂದೂಕನ್ನೂ ದುರ್ಬೀನನ್ನೂ ಮರುದಿನ ಠಾಣೆಗೆ ಒಯ್ದು ಒಪ್ಪಿಸಿದೆ. ಕೇಸಾಗಿದೆ. ಲೈಸೆನ್ಸೂ ಹೋಯಿತು. ಕರೆದಾಗ ಕೋರ್ಟಿಗೆ ಹೋಗಿ ಬೆಂಚಿನ ಮೇಲೆ ಕೂತು ಬರುತ್ತೇನೆ.

ಎರಡನೆಯ ಷರತ್ತು ಮಂದೆಯದು. "ಅವತ್ತಿನ ಮೂರು ರಾತ್ರಿ ಬಾಕಿ ಐತೆ. ಮಂದೆ ನಿನ್ ತಮ್ಮನ ಹೊಲ್ದಾಗೆ ಹಾಕ್ತೀನಿ. ನಾಯಿ ಇಲ್ಲ. ನಾಯಿ ಜಾಗ್ದಾಗೆ ನೀನು ಕೂತ್ಕ. ಬ್ಯಾಟರಿ ಹಚ್ಕಂಡು, ಎಲ್ರಿಗೂ ಕಾಣಂಗೆ."

ತಮ್ಮ ತನ್ನ ಹೊಲದಲ್ಲಿ ನಾನು ಕಾಲಿಡುವುದಕ್ಕೆ ಒಪ್ಪಿದ್ದು ಅವಳ ಮುಖ ನೋಡಿ. ಮೂರು ರಾತ್ರಿ ಬುಟ್ಟಿಗೆ ಒರಗಿ, ಅಪ್ಪನ ಐದು ಸೆಲ್ಲಿನ ಬ್ಯಾಟರಿ ಹೊತ್ತಿಸಿಕೊಂಡು ಕೂತೆ. ಒಳಗೆ ಮರಿಗಳು ಮಿಸುಕಾಡುವುದು ಬೆನ್ನಿಗೆ ತಾಗುತ್ತಿತ್ತು. ಊರಿನ ಹುಡುಗರು ಬದುವಿನ ಮೇಲೆ ನಿಂತು ಬೊಗಳಿದರು. ಮೊದಲ ರಾತ್ರಿ ಯಾರೋ ಒಂದು ರೊಟ್ಟಿ ಎಸೆದು, "ತಿನ್ನಲಾ" ಎಂದರು. ರೊಟ್ಟಿ ಎತ್ತಿ ಪಕ್ಕಕ್ಕೆ ಇಟ್ಟೆ. ಅವಳು ಕಂಬಳಿಯೊಳಗಿಂದ ಎಲ್ಲವನ್ನೂ ನೋಡುತ್ತಿದ್ದಳು. ಸಾಕು ಹೋಗು ಎನ್ನಲಿಲ್ಲ. ಎರಡನೆಯ ರಾತ್ರಿ ದಿಬ್ಬದ ಹತ್ತಿರ ಎರಡು ಕಿಡಿ ಹೊಳೆದವು. ಬೆಳಕನ್ನು ನೋಡಿದವು. ತಿರುಗಿದವು. ಹೋದವು.

ಮೂರನೆಯ ರಾತ್ರಿ ಬೆಳ್ಳಿ ಮೂಡುವ ಮೊದಲು ನನ್ನ ಸೆಲ್ಲು ಮುಗಿದು ಬ್ಯಾಟರಿ ಆರಿತು. ಕತ್ತಲಾದ ಸ್ವಲ್ಪ ಹೊತ್ತಿಗೆ ಮನೆಯ ಕಡೆಯಿಂದ ಹೆಜ್ಜೆ ಕೇಳಿಸಿತು. ಹತ್ತಿರ ಬಂದು ನಿಂತವನು ಬೆಳಕು ಬಿಟ್ಟ. ಬಿಳಿ ಬೆಳಕು, ನೆಟ್ಟಗೆ ನನ್ನ ಮುಖಕ್ಕೆ. ಬೆಳಕಿನ ಹಿಂದೆ ಯಾರಿದ್ದಾರೆ ಎಂದು ಕಾಣಲಿಲ್ಲ, ಕೆಮ್ಮಿನಿಂದ ತಮ್ಮನೆಂದು ತಿಳಿಯಿತು. ಹೋದ ವರ್ಷ ಪೊರೆ ತೆಗೆಸಿದ ಕಣ್ಣು ಉರಿಯಿತು, ನೀರು ಸುರಿಯಿತು. ಅವನು ಬೆಳಕು ತೆಗೆಯಲಿಲ್ಲ. ಅವನು ಏನನ್ನು ನೋಡುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಅಪ್ಪನ ಪಾಠ ಇಬ್ಬರಿಗೂ ಒಂದೇ.

ನಾನು ಬೆಳಕಿನ ಕಡೆಗೇ ನೋಡಿಕೊಂಡು ಕೂತೆ.

ಬಹಳ ಹೊತ್ತಾದ ಮೇಲೆ ಅವನು ಬ್ಯಾಟರಿ ಆರಿಸಿದ. ಏನೋ ನನ್ನ ಕಾಲ ಬಳಿ ಬಿತ್ತು. ತಡಕಿದೆ. ಕಾಗದದಲ್ಲಿ ಸುತ್ತಿದ ಐದು ಹೊಸ ಸೆಲ್ಲು.

"ಇನ್ನೂ ಬೆಳಕಾಗಿಲ್ಲ. ಕಾಯಿ" ಎಂದು ಹೇಳಿ ಹೋದ. ಅದಾದ ಮೇಲೆ ಅವನು ನನ್ನೊಡನೆ ಮಾತಾಡಿಲ್ಲ.